ಬಾಲವಾಡಿಯ ಮಕ್ಕಳಿಗೆ ಬರೆಸುವ ಅವಸರ ಬೇಡ

ಮಾನ್ಯ ಸಂಪಾದಕರೇ,

ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಬೇಕೋ, ಇರುವ ಅಂಗನವಾಡಿಗಳನ್ನು ಬಲಪಡಿಸಬೇಕೋ ಎಂಬ ಚರ್ಚೆ ಆಗಾಗ ಏಳುತ್ತಲೇ ಇದೆ. ಮಗು ಯಾವ ಕಟ್ಟಡದಲ್ಲಿ ಕೂರಬೇಕು ಎಂಬ ಮಾತು ನಡೆದಷ್ಟು, ಕೂತು ಏನು ಮಾಡಬೇಕು ಎಂಬುದರ ಬಗ್ಗೆ ನಡೆಯುತ್ತಿಲ್ಲವೆಂಬುದು ಕಾರವಾರ ತಾಲ್ಲೂಕಿನಲ್ಲಿ ಬಹುಕಾಲ ಒಂದನೇ ತರಗತಿಗೆ ಪಾಠ ಮಾಡಿದ ನನ್ನ ಅನಿಸಿಕೆ.

ಬಾಲವಾಡಿಗೆ ಹೋಗಿ ಬಂದ ಮಗುವನ್ನು ನಾನು ಜೂನ್ ಮೊದಲ ವಾರದಲ್ಲೇ ಗುರುತಿಸುತ್ತಿದ್ದೆ. ಅದಕ್ಕೆ ಅ, ಆ ಬರುತ್ತಿತ್ತೆಂದಲ್ಲ. ಎಷ್ಟೋ ಮಕ್ಕಳಿಗೆ ಬರುತ್ತಿರಲಿಲ್ಲ. ಆದರೆ ಆ ಮಗು ಅಮ್ಮನ ಸೆರಗು ಬಿಟ್ಟು ಕೂರುತ್ತಿತ್ತು, ತನ್ನ ಸರದಿಗೆ ಕಾಯುತ್ತಿತ್ತು, ಕಥೆ ನಿಲ್ಲಿಸಿದರೆ ‘ಮುಂದೇನಾಯ್ತು ಅಕ್ಕೋರೆ’ ಎಂದು ಕೇಳುತ್ತಿತ್ತು. ಅಂಥ ಮಗುವಿಗೆ ಅಕ್ಷರ ಕಲಿಸಲು ನನಗೆ ಹೆಚ್ಚು ದಿನ ಬೇಕಾಗುತ್ತಿರಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಮೊಮ್ಮಗನನ್ನು ಅಂಗನವಾಡಿಗೆ ಬಿಡಲು ಹೋದಾಗ ಕಾರ್ಯಕರ್ತೆ ಚಾಪೆಯ ಮೇಲೆ ತೊಳೆದ ಬಳಚಿನ ಚಿಪ್ಪಿಗಳನ್ನು ಸುರಿದಿದ್ದರು. ಮನೆಯಲ್ಲಿ ಕೊಂಕಣಿಯಾಡುವ ಪುಟ್ಟ ಹುಡುಗಿಯೊಬ್ಬಳು ‘ತಿಸರ್‍ಯೊ’ ಎಂದಳು. ಕಾರ್ಯಕರ್ತೆ ಗದರಲಿಲ್ಲ, ತಿದ್ದಲೂ ಇಲ್ಲ, ‘ಹೌದು, ತಿಸರ್‍ಯೊ. ಕನ್ನಡದಲ್ಲಿ ಬಳಚು’ ಎಂದು ದೊಡ್ಡದೊಂದನ್ನು ಕೈಗಿತ್ತರು. ಹುಡುಗಿ ಸಣ್ಣದರಿಂದ ದೊಡ್ಡದಕ್ಕೆ ಸಾಲು ಜೋಡಿಸಿ, ಒಂದೊಂದರ ಮೇಲೂ ಬೆರಳಿಟ್ಟು ಏಳರವರೆಗೆ ಎಣಿಸಿ, ಎಂಟನೆಯದನ್ನು ‘ಹತ್ತು’ ಎಂದಳು. ಅಂಕೆ ತಪ್ಪಿತು, ನಿಜ. ಆದರೆ ಒಂದು ವಸ್ತುವಿಗೆ ಒಂದೇ ಎಣಿಕೆ ಎಂಬ ಗಣಿತದ ಮೊದಲ ತಿಳಿವಳಿಕೆ ಅವಳ ಬೆರಳಿಗೆ ಬಂದಿತ್ತು. ಚಿಪ್ಪಿ ಹೆಕ್ಕುವ ಆ ಬೆರಳುಗಳೇ ನಾಳೆ ಬಳಪವನ್ನೂ ಹಿಡಿಯುತ್ತವೆ. ಅದೇ ವಯಸ್ಸಿನ, ನಮ್ಮ ನೆರೆಮನೆಯ ಹುಡುಗ ಹೋಗುವ ಖಾಸಗಿ ನರ್ಸರಿಯಲ್ಲಿ ಒಂದರಿಂದ ನೂರರವರೆಗೆ ಬರೆಸುತ್ತಾರೆ; ಪುಟ ತುಂಬಿದ್ದನ್ನು ಕಂಡು ಪಾಲಕರಿಗೂ ಸಮಾಧಾನ.

ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ 6 ವರ್ಷಕ್ಕೆ ಮೊದಲೇ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಈ ಅಂಕಿಯನ್ನು ಬೇಗ ಬರೆಸಲು ಸಮರ್ಥನೆಯಾಗಿ ಬಳಸುವವರು, 3ರಿಂದ 8 ವರ್ಷದವರೆಗಿನ ಹಂತದಲ್ಲಿ ಆಟ ಮತ್ತು ಚಟುವಟಿಕೆಯ ಮೂಲಕ ಕಲಿಸಬೇಕೆಂದು ಅದೇ ನೀತಿ ಹೇಳಿರುವುದನ್ನು ಮರೆಯುತ್ತಾರೆ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಅದರ ಜೊತೆಗಿರುವುದು ಸರಿಯೇ, ಹಸಿದ ಮಗುವಿಗೆ ಕಥೆ ಹತ್ತುವುದಿಲ್ಲ. ಆದರೆ ತೂಕ, ಹಾಜರಿ, ಊಟದ ಲೆಕ್ಕವನ್ನೆಲ್ಲ ಮೊಬೈಲಿಗೆ ತುಂಬುತ್ತ, ನೆಟ್‌ವರ್ಕ್ ಸಿಗದೆ ಅಂಗಳಕ್ಕೆ ಬಂದು ನಿಲ್ಲುವ ಕಾರ್ಯಕರ್ತೆಗೆ ಚಾಪೆಯ ಮೇಲೆ ಕೂರಲು ಎಷ್ಟು ಹೊತ್ತು ಉಳಿಯುತ್ತದೆ? ಶಿರಸಿ, ಜೋಯಿಡಾ ಕಡೆಯ ಚದುರಿದ ಮನೆಗಳಿಂದ ಕಾಲುಸಂಕ ದಾಟಿ ಬರಬೇಕಾದ ಮಕ್ಕಳ ಕಷ್ಟ ಬೇರೆಯೇ ಇದೆ.

ಬೆಳಗಿನ ಎರಡು ಗಂಟೆ ಕಾರ್ಯಕರ್ತೆಯರಿಗೆ ಮಕ್ಕಳ ಹೊರತು ಬೇರೆ ಕೆಲಸ ಹಚ್ಚದಂತೆ ಇಲಾಖೆ ಆದೇಶ ಮಾಡಲಿ. ತಪಾಸಣೆಗೆ ಬರುವ ಅಧಿಕಾರಿಗಳು ದಾಖಲೆ ಪುಸ್ತಕ ಕೇಳುವ ಮೊದಲು ಅರ್ಧ ತಾಸು ಮಕ್ಕಳೊಡನೆ ಚಾಪೆಯ ಮೇಲೆ ಕೂರಲಿ.

– ನಿವೃತ್ತ ಶಿಕ್ಷಕಿ, ಕಾರವಾರ