ಹೊಸ್ತಿಲು ತುಳಿದ ಹುಡುಗಿ

ಪ್ರೀತಿಯ ತಮ್ಮನಿಗೆ,

ನಿನ್ನ ಕಾದಂಬರಿಯ ಕಟ್ಟು ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ, ಎರಡು ಸಲ ಓದಿದೆ. ಊರ ಜಮೀನು ಹೋಗುವ ಕಥೆ ಗಟ್ಟಿ ವಸ್ತುವೇ. ಆದರೆ ನಿನ್ನ ಪುಸ್ತಕದಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಡೇರಿಗೆ ಹಾಲು ಹಾಕಲು ಬರುವ ಹುಡುಗ ಬಾಯಿಬಿಟ್ಟರೂ ಸಂಪಾದಕೀಯವೇ ಉದುರುತ್ತದೆ.

ಕಾಗದದ ಕೊನೆಯಲ್ಲಿ ಕೇಳಿದ್ದೀಯ: ‘ಸರ್, ಪಂಚಾಯ್ತಿ ಮೆಂಬರ್ ಆಗಿದ್ದುಕೊಂಡು ಬರೆಯೋಕಾಗುತ್ತಾ? ರಾಜಕೀಯ ಬಿಟ್ಟುಬಿಡಲಾ?’ ಬಿಡಬೇಡ. ನಿನಗಿಂತ ದೊಡ್ಡ ಕುರ್ಚಿಯಲ್ಲಿ ಕೂತವನೊಬ್ಬ ನಿನಗಿಂತ ಹೆಚ್ಚು ಬರೆದಿದ್ದಾನೆ. ಥಾಯ್ಲೆಂಡಿನ ಕುಕ್ರಿತ್ ಪ್ರಾಮೋಜ್.

1911ರ ಏಪ್ರಿಲ್‌ನಲ್ಲಿ ಹುಟ್ಟಿದ್ದು ಚಾವೊ ಪ್ರಾಯ ನದಿಯ ಮೇಲೆ, ದೋಣಿಯೊಳಗೆ. ರಾಜವಂಶದ ಕುಡಿ, ಎರಡನೇ ರಾಮ ಎಂಬ ಅರಸನ ಮರಿಮಗ. ಓದಿದ್ದು ಆಕ್ಸ್‌ಫರ್ಡಿನಲ್ಲಿ. ಬ್ಯಾಂಕಿನ ನೌಕರಿ ಮಾಡಿದ, ಪಕ್ಷ ಕಟ್ಟಿದ, 1950ರಲ್ಲಿ ‘ಸಯಾಮ್ ರಾತ್’ ಪತ್ರಿಕೆ ಶುರು ಮಾಡಿದ. ರಾಮಾಯಣದ ಕಥೆ ಆಡುವ ‘ಖೋನ್’ ಎಂಬ ಮುಖವಾಡದ ನೃತ್ಯನಾಟಕದ ಹುಚ್ಚು ಬೇರೆ. ಥಮ್ಮಸಾತ್ ವಿಶ್ವವಿದ್ಯಾಲಯದ ಹುಡುಗರನ್ನು ಸೇರಿಸಿ ಅದರದೊಂದು ತಂಡವನ್ನೇ ಕಟ್ಟಿದ. 1963ರಲ್ಲಿ ಮಾರ್ಲನ್ ಬ್ರ್ಯಾಂಡೋ ಜೊತೆ ಹಾಲಿವುಡ್ ಸಿನಿಮಾವೊಂದರಲ್ಲಿ, ಇಲ್ಲದ ಏಷ್ಯಾದ ದೇಶವೊಂದರ ಪ್ರಧಾನಿಯ ಪಾತ್ರ ಮಾಡಿದ. ಹನ್ನೆರಡು ವರ್ಷದ ಮೇಲೆ ಇರುವ ದೇಶದ ಪ್ರಧಾನಿಯೇ ಆದ. (ಇದನ್ನು ಕಾದಂಬರಿಯಲ್ಲಿ ಬರೆದರೆ ನಾನೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ.)

ಪ್ರಧಾನಿಯಾದದ್ದೂ ವಿಚಿತ್ರವಾಗಿಯೇ. 269 ಸೀಟಿನ ಸಂಸತ್ತಿನಲ್ಲಿ ಅವನ ಪಕ್ಷದ್ದು 18. ಅಣ್ಣ ಸೇನಿಯ ಸರ್ಕಾರ ತಿಂಗಳು ತುಂಬುವ ಮೊದಲೇ ಬಿದ್ದಿತ್ತು. ಹಲವು ಪಕ್ಷಗಳನ್ನು ಒಟ್ಟುಹಾಕಿ ತಮ್ಮ ಕುಕ್ರಿತ್ 1975ರ ಮಾರ್ಚಿನಲ್ಲಿ ಕುರ್ಚಿ ಹತ್ತಿದ. ತಾಂಬೋನ್ ಅಂದರೆ ಹೆಚ್ಚುಕಡಿಮೆ ನಿನ್ನ ಪಂಚಾಯ್ತಿ; ಸರ್ಕಾರದ ದುಡ್ಡನ್ನು ನೇರವಾಗಿ ಅಲ್ಲಿಗೆ ಕಳಿಸಿ ಬೇಸಿಗೆಯಲ್ಲಿ ಹಳ್ಳಿಯವರಿಗೆ ಕೂಲಿ ಸಿಗುವಂತೆ ಮಾಡಿದ. ಅಮೆರಿಕದ ಸೈನ್ಯಕ್ಕೆ ಜಾಗ ಖಾಲಿ ಮಾಡಿ ಅಂದ. ಜುಲೈ 1ರಂದು ಬೀಜಿಂಗ್‌ನಲ್ಲಿ ಅಲ್ಲಿನ ಪ್ರಧಾನಿ ಚೌ ಎನ್‌ಲಾಯ್ ಜೊತೆ ಕೂತು ಚೀನಾದೊಂದಿಗಿನ ಒಪ್ಪಂದಕ್ಕೆ ಸಹಿ ಹಾಕಿದ. ಆಗಸ್ಟಿನಲ್ಲಿ ಸಿಟ್ಟಿಗೆದ್ದ ಪೊಲೀಸರೇ ಅವನ ಮನೆಗೆ ನುಗ್ಗಿ ಸಾಮಾನು ಪುಡಿಮಾಡಿದರು. ಮರುವರ್ಷ ಏಪ್ರಿಲ್ ಚುನಾವಣೆಯಲ್ಲಿ ತನ್ನ ಕ್ಷೇತ್ರದಲ್ಲೇ ಸೋತ. ಪ್ರಧಾನಿ ಪಟ್ಟ ಮತ್ತೆ ಅಣ್ಣನಿಗೆ. ರಾಜಕೀಯದ ಮಾತು ಇಷ್ಟು ಸಾಕು.

ಅವನ ದೊಡ್ಡ ಕಾದಂಬರಿಯ ಹೆಸರು ‘ನಾಲ್ಕು ಆಳ್ವಿಕೆಗಳು’ ಎಂದಾಗುತ್ತದೆ. 1951–52ರಲ್ಲಿ ಅವನದೇ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಐದನೇ ರಾಮನಿಂದ ಎಂಟನೇ ರಾಮನವರೆಗಿನ ಕಾಲ: ಜೀತ ಹೋದದ್ದು, 1932ರಲ್ಲಿ ಅರಸರ ನಿರಂಕುಶ ಅಧಿಕಾರ ಹೋದದ್ದು, ಯುದ್ಧ ಬಂದದ್ದು. ಬರೆದವನಿಗೆ ಇದೆಲ್ಲ ಅಂಗೈ ನೆಲ್ಲಿ. ಆದರೆ ಕಥೆಯನ್ನು ಅವನು ಕಟ್ಟಿದ್ದು ಪ್ಲೋಯ್ ಎಂಬ ಹೆಂಗಸಿನ ಸುತ್ತ. ಅವಳಿಗೆ ರಾಜಕೀಯದ ಗಂಧಗಾಳಿ ಇಲ್ಲ.

ಅವಳು ಅರಮನೆಗೆ ಬರುವ ದಿನ ನೋಡು. ಸುಮಾರು ಹತ್ತು ವರ್ಷದ ಹುಡುಗಿ. ಅಮ್ಮ ಗಂಡನ ಮನೆಯಲ್ಲಿ ಮನಸ್ಸು ಮುರಿದುಕೊಂಡು ಮಗಳನ್ನು ದೋಣಿಯಲ್ಲಿ ಕರೆತಂದಿದ್ದಾಳೆ. ಒಳಗಿನ ಬಾಗಿಲು ದಾಟುವಾಗ ಹುಡುಗಿ ಹೊಸ್ತಿಲು ತುಳಿದುಬಿಡುತ್ತಾಳೆ. ಬಾಗಿಲು ಕಾಯುವ ಹೆಂಗಸರು ಗದರುತ್ತಾರೆ, ಹೊಸ್ತಿಲಿಗೆ ಕೈಮುಗಿಸುತ್ತಾರೆ. ಅಷ್ಟೇ. ನಮ್ಮ ಮನೆಗಳಲ್ಲೂ ಹೊಸ್ತಿಲು ತುಳಿದರೆ ಅಜ್ಜಿ ಸುಮ್ಮನಿರುತ್ತಿದ್ದಳೇ? ಅರಮನೆ ಎಂದರೇನು, ಅಲ್ಲಿನ ಕಟ್ಟಳೆ ಎಷ್ಟು ಬಿಗಿ ಎಂದು ನೀನಾದರೆ ಎರಡು ಪುಟ ವಿವರಿಸುತ್ತಿದ್ದೆ. ಅವನು ಒಂದು ಪುಟ್ಟ ಪಾದ ತೋರಿಸಿ ಮುಂದೆ ಹೋಗುತ್ತಾನೆ.

ಕೊನೆಯ ಭಾಗದಲ್ಲಿ ಪ್ಲೋಯ್ ಮುದುಕಿ. ಸೈನ್ಯದಿಂದ ಬಂದ ಪ್ರಧಾನಿ ಫಿಬುನ್‌ನ ಸರ್ಕಾರ ಜನರನ್ನು ನಾಗರಿಕರನ್ನಾಗಿ ಮಾಡಲು ಹೊರಟ ಕಾಲ. ಎಲೆ-ಅಡಿಕೆ ಹಾಕಕೂಡದು, ಹೆಂಗಸರು ಹೊರಗೆ ಹೊರಟರೆ ತಲೆಗೆ ಹ್ಯಾಟು ಬೇಕು. ಹರಯದಲ್ಲಿ ಹಲ್ಲು ಕಪ್ಪಾದಷ್ಟೂ ಚೆಂದ ಅಂದವರ ನಡುವೆ ಬೆಳೆದವಳು ಅವಳು. ಈಗ ಎಲೆ ಹಾಕುವುದು ತಪ್ಪು ಅಂದರೆ ಏನು ಮಾಡಬೇಕು? ಅವಳು ಭಾಷಣ ಮಾಡುವುದಿಲ್ಲ. ಕಕ್ಕಾಬಿಕ್ಕಿಯಾಗುತ್ತಾಳೆ, ಅಷ್ಟೇ. ಈ ಕಂತುಗಳು ಅಚ್ಚಾಗುತ್ತಿದ್ದಾಗ ಪ್ರಧಾನಿಯಾಗಿದ್ದವನು ಅದೇ ಫಿಬುನ್, ತಮ್ಮಾ! ಸಂಪಾದಕೀಯ ಬರೆಯಲು ಪೇಪರು ಕುಕ್ರಿತ್‌ನದೇ ಇತ್ತು, ಬರೆದೂ ಬರೆದ. ಕಾದಂಬರಿಗೆ ಮಾತ್ರ ಒಬ್ಬ ಮುದುಕಿ, ಒಂದು ಹ್ಯಾಟು ಸಾಕೆನಿಸಿತು. ಇನ್ನೊಂದು ವಿಷಯ: ಅವನ ಮನೆಯಿದ್ದ ‘ಸುವಾನ್ ಪ್ಲೂ’ ಓಣಿಯ ಹೆಸರಿಗೆ ಅರ್ಥ ವೀಳ್ಯದೆಲೆ ತೋಟ.

ಹಾಗೆಂದು ಅವನನ್ನು ತಲೆಮೇಲೆ ಹೊತ್ತು ಮೆರೆಸಬೇಡ. ಅರಮನೆ ಕಂಡರೆ ಅವನ ಮನಸ್ಸು ಕರಗುತ್ತದೆ; ಅಲ್ಲಿನ ಆಳುಮಕ್ಕಳ ಬೆನ್ನು ನೋವು ಅವನಿಗೆ ಅಷ್ಟಾಗಿ ಕಾಣಿಸುವುದಿಲ್ಲ. ಓದುವಾಗ ನನಗೆ ಎಷ್ಟೋ ಕಡೆ ಸಿಟ್ಟು ಬಂದಿದೆ. ಅವನ ಇನ್ನೊಂದು ಹೆಸರಾಂತ ಪುಸ್ತಕ, ಬೌದ್ಧ ಭಿಕ್ಷು ಮತ್ತು ಊರ ಕಮ್ಯುನಿಸ್ಟನ ಜಗಳದ ಕಥೆ, ಇಟಲಿಯ ಪಾದ್ರಿಯೊಬ್ಬನ ಕಥೆಗಳ ಅಚ್ಚಿನಲ್ಲೇ ಎರಕವಾದದ್ದು. ಆದರೆ ಮಳೆಗಾಳಿಗೆ ದೋಣಿ ಮಗುಚಿ ಭಿಕ್ಷು, ದರೋಡೆಗಾರ, ವೇಶ್ಯೆ, ರಾಜಕುಮಾರ ಎಲ್ಲ ಒಟ್ಟಿಗೆ ಸತ್ತು, ಆಮೇಲೆ ಒಬ್ಬೊಬ್ಬರ ಬದುಕೂ ಬಿಚ್ಚಿಕೊಳ್ಳುವ ಪುಸ್ತಕವಿದೆಯಲ್ಲ, ಅದನ್ನು ಓದು. ಕರ್ಮ ಎಂಬ ಪದ ಅವರಲ್ಲೂ ಇದೆ. ಇವರೆಲ್ಲ ಒಂದೇ ದೋಣಿ ಹತ್ತಿದ್ದೇಕೆ ಎಂದು ಅವನು ಎಲ್ಲೂ ತೀರ್ಪು ಕೊಡುವುದಿಲ್ಲ.

ಇದನ್ನೆಲ್ಲ ಹೇಳಲು ನನಗೇನು ಯೋಗ್ಯತೆ ಅಂತೀಯ? ಇದೇ ತಪ್ಪು ಮಾಡಿದವನು ನಾನು. ಅವನು ಬೀಜಿಂಗ್‌ನಲ್ಲಿ ಸಹಿ ಹಾಕಿದಾಗ ನಮ್ಮಲ್ಲಿ ತುರ್ತು ಪರಿಸ್ಥಿತಿ ಬಂದು ವಾರವೂ ಆಗಿರಲಿಲ್ಲ. ಆಮೇಲೆ ಅದರ ಮೇಲೊಂದು ಕಾದಂಬರಿ ಬರೆದೆ. ನನ್ನ ನಾಯಕನಿಗೆ ಸಂವಿಧಾನದ ಕಲಮುಗಳೆಲ್ಲ ಬಾಯಿಪಾಠ. ಪುಸ್ತಕದ ಕಟ್ಟುಗಳು ಎಷ್ಟೋ ವರ್ಷ ನಮ್ಮ ಅಟ್ಟದ ಮೇಲೇ ಇದ್ದವು, ಗೆದ್ದಲಿಗೂ ಬೇಡವಾಗಿ. ನನ್ನ ಅಮ್ಮನಿಗೆ ಆ ದಿನಗಳ ಬಗ್ಗೆ ಗೊತ್ತಿದ್ದದ್ದು ಎರಡೇ. ಬೆಳಗಿನ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಪಕ್ಕದ ಮನೆ ಮೇಷ್ಟ್ರು ಕಾಣುತ್ತಿರಲಿಲ್ಲ, ಅವರ ಹೆಂಡತಿ ಸಕ್ಕರೆ ಕಡ ಕೇಳಲು ಬರುವುದನ್ನು ನಿಲ್ಲಿಸಿದ್ದಳು. ‘ಎಷ್ಟು ದಿನಾಂತ ಕಪ್ಪು ಕಾಫಿ ಸಕ್ಕರೆಯಿಲ್ಲದೆ ಕುಡೀತಾಳೋ’ ಅನ್ನುತ್ತಿದ್ದಳು ಅಮ್ಮ. ಆ ಮಾತು ನನ್ನ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಾನು ಸಂವಿಧಾನದಲ್ಲಿ ಮುಳುಗಿದ್ದೆ.

ನಿನ್ನ ಹಸ್ತಪ್ರತಿಯನ್ನು ಇದರ ಜೊತೆಗೇ ಕೊರಿಯರ್ ಮಾಡಿದ್ದೇನೆ. ಪೆನ್ಸಿಲ್ ಗುರುತು ಜಾಸ್ತಿ ಇವೆ, ಗಾಬರಿಯಾಗಬೇಡ. ಪಂಚಾಯ್ತಿ ಮೀಟಿಂಗಿನ ಆರನೇ ಅಧ್ಯಾಯ ಪೂರ್ತಿ ತೆಗೆದರೂ ನಡೆಯುತ್ತದೆ. ಹದಿನೇಳನೇ ಪುಟಕ್ಕೆ ಮಾತ್ರ ಕೈ ಹಚ್ಚಿಲ್ಲ. ಅಲ್ಲಿ ಸರ್ವೆಯವರು ಗದ್ದೆಯಲ್ಲಿ ಕಲ್ಲು ನೆಡುತ್ತಿದ್ದಾಗ ಅಜ್ಜಿ ಬದುವಿನ ಮೇಲೆ ಕೂತು ಎಲೆಸಂಚಿ ಬಿಚ್ಚುತ್ತಾಳೆ, ಸುಣ್ಣ ಒಣಗಿಹೋಗಿದೆ ಅನ್ನುತ್ತಾಳೆ. ಅಲ್ಲಿಗೆ ಅವಳನ್ನು ಬಿಟ್ಟು ನೀನು ಜಿಲ್ಲಾಧಿಕಾರಿ ಆಫೀಸಿಗೆ ಓಡಿದ್ದೀಯ. ಆಮೇಲೆ ಅವಳಿಗೆ ಸುಣ್ಣ ಯಾರು ಕೊಟ್ಟರು?

ಇಂತಿ ನಿನ್ನ,
ಮೇಷ್ಟ್ರು