ಕ್ಯಾನ್ಸರ್ ರೋಗಿಯ ನೋವಿಗೆ ಮದ್ದಿದೆ, ಸಿಗುವಂತಾಗಲಿ

ಮಾನ್ಯ ಸಂಪಾದಕರೇ,

ಫೆಬ್ರುವರಿ 4ರ ವಿಶ್ವ ಕ್ಯಾನ್ಸರ್ ದಿನದ ಸಂದರ್ಭದಲ್ಲಿ ತಪಾಸಣೆ, ತಂಬಾಕು ವರ್ಜನೆ ಮತ್ತು ಹೊಸ ಚಿಕಿತ್ಸೆಗಳ ಬಗ್ಗೆ ಸಾಕಷ್ಟು ಓದಿದೆವು. ರೋಗಿ ಹಗಲಿರುಳು ತಿನ್ನುವ ನೋವಿನ ಪ್ರಸ್ತಾಪ ಮಾತ್ರ ಕಾಣಲಿಲ್ಲ. ‘ಕ್ಯಾನ್ಸರ್ ಎಂದ ಮೇಲೆ ನೋವು ಇದ್ದದ್ದೇ’ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೇನೋ.

ಬಾಯಿ ಕ್ಯಾನ್ಸರಿನಿಂದ ತೀರಿಕೊಂಡ ನನ್ನ ಅಣ್ಣ ತಿಂಗಳುಗಟ್ಟಲೆ ಪ್ಯಾರಾಸಿಟಮಾಲ್ ಮತ್ತು ಆಗೊಮ್ಮೆ ಈಗೊಮ್ಮೆ ಚುಚ್ಚಿಸಿಕೊಂಡ ಇಂಜೆಕ್ಷನ್ ನಂಬಿಕೊಂಡು ರಾತ್ರಿಯಿಡೀ ಕುಳಿತೇ ಇರುತ್ತಿದ್ದರು. ಬೆಂಗಳೂರಿನ ವೈದ್ಯರೊಬ್ಬರು ಅಫೀಮಿನಿಂದ ತಯಾರಾಗುವ ಬಲವಾದ ನೋವುನಿವಾರಕವಾದ ಮಾರ್ಫಿನ್ ಮಾತ್ರೆ ಬರೆದುಕೊಟ್ಟಾಗ ಮನೆಯ ಹಿರಿಯರು, ‘ಅದು ಕೊನೆಗಾಲದ ಔಷಧ, ಈಗಲೇ ಯಾಕೆ?’ ಎಂದು ತಡೆದರು. ಅವರನ್ನು ಒಪ್ಪಿಸಿದ ಮೇಲೆ ನಮ್ಮ ಊರಿನ ಯಾವ ಔಷಧ ಅಂಗಡಿಯಲ್ಲೂ ಅದು ಸಿಗಲಿಲ್ಲ. ಕೊನೆಗೂ ಮಾತ್ರೆ ಶುರುವಾದ ಮೂರನೆಯ ದಿನ ಅಣ್ಣ ಮಲಗಿ ನಿದ್ದೆ ಮಾಡಿದರು. ಎದ್ದು ಗಂಜಿ ಕೇಳಿದರು.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಹೇಳಿದ ಕ್ರಮ ಸರಳವಾಗಿದೆ: ಸಾಧ್ಯವಾದಷ್ಟೂ ಬಾಯಿಯ ಮೂಲಕ ಕೊಡಬೇಕು, ಮತ್ತು ನೋವು ಬಂದ ಮೇಲೆ ಕೊಡುವುದಕ್ಕಿಂತ ಗಡಿಯಾರ ನೋಡಿ, ಸಾಧಾರಣ ಮಾರ್ಫಿನ್ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ, ನೋವು ಮರುಕಳಿಸುವ ಮೊದಲೇ ಕೊಡಬೇಕು. ಯಾವ ಹಂತದಲ್ಲಿ ಮಾರ್ಫಿನ್ ಬೇಕೆಂಬುದನ್ನು ನೋವಿನ ತೀವ್ರತೆ ನಿರ್ಧರಿಸಬೇಕೇ ಹೊರತು ಉಳಿದಿರುವ ಆಯುಷ್ಯವಲ್ಲ. ಆರಂಭದ ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಮಲಬದ್ಧತೆ ಇಳಿಯುವುದಿಲ್ಲವಾದ್ದರಿಂದ ಅದಕ್ಕೂ ಮೊದಲ ದಿನದಿಂದಲೇ ಔಷಧ ಬೇಕು. ವೈದ್ಯರ ನಿಗಾದಲ್ಲಿ ನೋವಿಗಾಗಿ ತೆಗೆದುಕೊಳ್ಳುವವರಲ್ಲಿ ಇದು ಚಟವಾಗುವುದು ಅಪರೂಪ, ಆದರೆ ದಿಢೀರನೆ ನಿಲ್ಲಿಸಬಾರದು. ನೋವುಗಳೆಲ್ಲ ಒಂದೇ ಬಗೆಯವೂ ಅಲ್ಲ. ನರಕ್ಕೆ ತಗುಲಿದ ನೋವು ಉರಿಯುತ್ತದೆ, ಕರೆಂಟು ಹೊಡೆದಂತೆ ಎಳೆಯುತ್ತದೆ. ಅದಕ್ಕೆ ಬೇರೆ ಔಷಧ ಸೇರಿಸಬೇಕಾಗುತ್ತದೆ. ಮೂಳೆಗೆ ಹಬ್ಬಿದ ಗೆಡ್ಡೆಯ ನೋವನ್ನು ಎಷ್ಟೋ ಸಲ ಒಂದೇ ಬಾರಿಯ ವಿಕಿರಣವೂ ತಗ್ಗಿಸಬಲ್ಲದು. ಇವನ್ನೆಲ್ಲ ಬಲ್ಲ ನೋವುಶಾಮಕ ಆರೈಕೆಯ ವೈದ್ಯರ ಬಳಿಗೆ ನಮ್ಮನ್ನು ಮೊದಲೇ ಯಾರೂ ಕಳುಹಿಸಲಿಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.

ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆದು ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸಿ ಹೊರದೇಶಗಳಿಗೂ ಕಳುಹಿಸುವ ದೇಶ ನಮ್ಮದು. ಇಲ್ಲಿನ ರೋಗಿಗೆ ಅದೇ ಔಷಧ ದುರ್ಲಭವಾದದ್ದು, 1985ರ ಮಾದಕವಸ್ತು ಕಾಯ್ದೆಯಡಿ ಹಲವು ಪರವಾನಗಿಗಳಿಗಾಗಿ ಅಲೆಯುವ ಗೋಜೇ ಬೇಡವೆಂದು ಆಸ್ಪತ್ರೆಗಳು ಕೈಬಿಟ್ಟದ್ದರಿಂದ. 2014ರ ತಿದ್ದುಪಡಿಯು ಮಾರ್ಫಿನ್ ಸೇರಿದಂತೆ ಅಗತ್ಯ ಔಷಧಗಳ ನಿಯಮ ಸಡಿಲಿಸಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಅವುಗಳನ್ನು ದಾಸ್ತಾನಿಟ್ಟು ವಿತರಿಸುವ ದಾರಿ ಮಾಡಿಕೊಟ್ಟಿತು. ಕಾನೂನು ಬದಲಾದರೂ ಅಂಜಿಕೆ ಹೋಗಿಲ್ಲ.

ಆದ್ದರಿಂದ ಆರೋಗ್ಯ ಇಲಾಖೆಯು ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಮಾರ್ಫಿನ್ ಮಾತ್ರೆ ಖಾಲಿಯಾಗದಂತೆ ನೋಡಿಕೊಳ್ಳಬೇಕು. ಜ್ವರ, ರಕ್ತದೊತ್ತಡ ಬರೆಯುವ ಹಾಳೆಯಲ್ಲೇ ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ರೋಗಿಯ ನೋವನ್ನೂ ಕೇಳಿ ದಾಖಲಿಸುವಂತೆ ಸೂಚಿಸಬೇಕು. ಈ ಔಷಧ ದೊರೆಯುವ ಆಸ್ಪತ್ರೆಗಳ ಜಿಲ್ಲಾವಾರು ಪಟ್ಟಿಯನ್ನು ಇಲಾಖೆಯಿಂದ ಪಡೆದು ತಮ್ಮ ಪತ್ರಿಕೆ ಪ್ರಕಟಿಸುವುದಾದರೆ, ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿರುವ ಕುಟುಂಬಗಳಿಗೆ ದೊಡ್ಡ ಉಪಕಾರವಾಗುತ್ತದೆ.

– ನಿವೃತ್ತ ಶಿಕ್ಷಕಿ, ತುಮಕೂರು ಜಿಲ್ಲೆ