ಚಿತ್ರದ ಕೆಳಗೆ ಅಳತೆಯನ್ನೂ ಹಾಕಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಿಳಿ ಕಾಗದದ ಹೂವಿನ ಚಿತ್ರ ಬಂದಿತ್ತು. ಅರ್ಧ ಪುಟ ಕೊಟ್ಟಿದ್ದೀರಿ, ನೋಡಿ ಖುಷಿಯಾಯಿತು. ಆದರೆ ಕೆಳಗೆ ಇದ್ದದ್ದು 'ಕಾಗದದಲ್ಲಿ ಅರಳಿದ ಹೂವು' ಎಂಬ ಒಂದೇ ಸಾಲು. ಹೂವು ಎಷ್ಟು ದೊಡ್ಡದು, ಮಾಡಿದವರು ಯಾರು, ಫೋಟೊ ತೆಗೆದವರು ಯಾರು, ಯಾವುದೂ ಇಲ್ಲ. ನಾನೂ ಕಾಗದದಲ್ಲಿ ಶಿಲ್ಪ ಮಾಡಿ, ಅದನ್ನು ತೀರಾ ಹತ್ತಿರದಿಂದ ಫೋಟೊ ತೆಗೆಯುವವಳು. ಹಾಗಾಗಿ ಬರೆಯದೆ ಇರಲಾಗಲಿಲ್ಲ.

ಹೀಗೆ ತೀರಾ ಹತ್ತಿರದಿಂದ ತೆಗೆಯಲೆಂದೇ ಇರುವ ಮ್ಯಾಕ್ರೋ ಲೆನ್ಸಿನಲ್ಲಿ ತೆಗೆದ ಫೋಟೊದಲ್ಲಿ ಮೊದಲು ಕಳೆದುಹೋಗುವುದೇ ಅಳತೆ. ಅಂಗೈ ಅಗಲದ ಹೂವು, ಉಗುರಿನಷ್ಟು ಹೂವು, ಎರಡೂ ಪುಟದ ಮೇಲೆ ಒಂದೇ ಥರ ಕಾಣುತ್ತವೆ. ಮಾಡುವವರಿಗೆ ಮಾತ್ರ ಅವು ಬೇರೆಬೇರೆ ಕೆಲಸ. ದೊಡ್ಡ ಎಸಳಿಗೆ 200 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 200 ಗ್ರಾಂ ತೂಗುವ ದಪ್ಪ ಕಾಗದ ಸರಿಹೋಗುತ್ತದೆ. ಅದೇ ಕಾಗದದಲ್ಲಿ ಉಗುರಿನಷ್ಟು ಎಸಳು ಕತ್ತರಿಸಿದರೆ ಹಲಗೆ ಚೂರಿನ ಹಾಗಿರುತ್ತದೆ, ಬಾಗುವುದೇ ಇಲ್ಲ.

ನಾನು ಈಗ ಒಂದು ಪತಂಗ ಮಾಡುತ್ತಿದ್ದೇನೆ. ಒಂದು ರೆಕ್ಕೆ 18 ಮಿಲಿಮೀಟರ್ ಉದ್ದ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಮಡಿಚಿದರೆ ಮಡಿಕೆ ನುಣುಪಾಗಿ ಬರುತ್ತದೆ. ಅಡ್ಡಕ್ಕೆ ಮಡಿಚಿದರೆ ನಾರು ಮುರಿದು ಬಿರುಕು ಬಿಡುತ್ತದೆ. ಬರಿಗಣ್ಣಿಗೆ ಇದು ಗೊತ್ತೇ ಆಗುವುದಿಲ್ಲ. ಲೆನ್ಸ್ ಹತ್ತಿರ ತಂದರೆ ಮಡಿಕೆಯ ಉದ್ದಕ್ಕೂ ಎಳೆಗಳು ಎದ್ದು ನಿಂತಿರುತ್ತವೆ. ಬ್ಲೇಡ್ ಸ್ವಲ್ಪ ಮೊಂಡಾಗಿದ್ದರೂ ಅಷ್ಟೇ, ರೆಕ್ಕೆಯ ಅಂಚು ಜೂಲುಜೂಲಾಗಿ ಕಾಣುತ್ತದೆ.

ಫೋಟೊ ತೆಗೆಯುವುದು ಇನ್ನೂ ಜಾಸ್ತಿ ತಾಳ್ಮೆಯ ಕೆಲಸ. ವಸ್ತು ಎಷ್ಟಿದೆಯೋ ಅಷ್ಟೇ ಗಾತ್ರದಲ್ಲಿ ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ (ಚಿತ್ರ ಮೂಡುವ, ಹಳೆಯ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಫಲಕ) ಮೇಲೆ ಬೀಳುವಷ್ಟು ಹತ್ತಿರ ಹೋದಾಗ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ರಂಧ್ರ) ಎಫ್ 8ರ ಅಳತೆಯಲ್ಲಿದ್ದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಪತಂಗದ ಮೀಸೆ ಸ್ಪಷ್ಟವಾದರೆ ಬೆನ್ನು ಮಸುಕು. ಅಪರ್ಚರ್ ತೀರಾ ಚಿಕ್ಕದು ಮಾಡಿದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಅದಕ್ಕೇ ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತಾ ಹಲವು ಫೋಟೊ ತೆಗೆದು, ಆಮೇಲೆ ಜೋಡಿಸುತ್ತೇವೆ. ಅಷ್ಟು ಹೊತ್ತು ಏನೂ ಅಲುಗಾಡಬಾರದು. ಕಾಗದ ಸುಮ್ನೆ ಇರುತ್ತದೆ ಅಂದುಕೊಳ್ಳಬೇಡಿ! ಬಿಸಿಯಾಗುವ ದೀಪ ಹತ್ತಿರವಿದ್ದರೆ ಅದರ ತೇವ ಆರಿ ರೆಕ್ಕೆ ಮೆಲ್ಲಗೆ ಮೇಲೇಳುತ್ತದೆ. ಮೊದಲ ಫೋಟೊದ ಪತಂಗಕ್ಕೂ ಕೊನೆಯ ಫೋಟೊದ ಪತಂಗಕ್ಕೂ ತಾಳೆಯಾಗುವುದಿಲ್ಲ. ಎಲ್‌ಇಡಿ ದೀಪ ಬಳಸುವುದು ಅದಕ್ಕೇ.

ಇಷ್ಟೆಲ್ಲ ಆದ ಮೇಲೆ ನೋಡಿದವರು ಕೇಳುವ ಮೊದಲ ಪ್ರಶ್ನೆ, 'ಇದು ಕಂಪ್ಯೂಟರಿನಲ್ಲಿ ಮಾಡಿದ್ದು ಅಲ್ವಾ?' ಅವರ ಮೇಲೆ ನನಗೆ ಬೇಸರವಿಲ್ಲ. ಬರೀ ಮಾತು ಕೊಟ್ಟರೆ ಚಿತ್ರ ಮಾಡಿಕೊಡುವ ತಂತ್ರಾಂಶಗಳ ಕಾಲ ಇದು. 'ಕಾಗದ, ರೆಕ್ಕೆ 18 ಮಿ.ಮೀ., ಹಲವು ಫೋಟೊಗಳ ಜೋಡಣೆ' ಎಂದು ಕೆಳಗೆ ಬರೆದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಇದು ನನ್ನ ಹೊಸ ಬೇಡಿಕೆಯೇನಲ್ಲ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಬರ್ಲಿನ್ನಿನಲ್ಲಿ ಕಲಾ ವಿದ್ಯಾರ್ಥಿಗಳಿಗೆ ಪಾಠ ಮಾಡಲೆಂದು ಮೊಗ್ಗು, ಚಿಗುರು, ಕಾಂಡಗಳನ್ನು ಹಿಗ್ಗಿಸಿ ಫೋಟೊ ತೆಗೆದರು. ಆ ಚಿತ್ರಗಳು 1928ರಲ್ಲಿ ಪುಸ್ತಕವಾದಾಗ ಗಿಡದ ಹೆಸರಿನ ಜೊತೆ ಎಷ್ಟು ಪಟ್ಟು ಹಿಗ್ಗಿಸಿದ್ದು ಎಂದೂ ನಮೂದಿಸಿದ್ದರು. ಪತ್ರಿಕೆಗೆ ಮಾತ್ರ ಪಟ್ಟಿನ ಲೆಕ್ಕ ಸರಿಹೋಗದು. ಅದೇ ಚಿತ್ರ ಪುಟದಲ್ಲಿ ಒಂದು ಗಾತ್ರ, ಮೊಬೈಲಿನಲ್ಲಿ ಇನ್ನೊಂದು. ಆದ್ದರಿಂದ ವಸ್ತುವಿನ ನಿಜವಾದ ಅಳತೆಯನ್ನೇ ಹಾಕಿ.

ಹೆಸರಿನ ಮಾತೂ ಅಷ್ಟೇ ಮುಖ್ಯ. ಜರ್ಮನಿಯವರೇ ಆದ ಥಾಮಸ್ ಡಿಮಾಂಡ್ ಕಾಗದ ಮತ್ತು ರಟ್ಟಿನಲ್ಲಿ ಇಡೀ ಕೋಣೆಗಳನ್ನೇ ಕಟ್ಟಿ, ಫೋಟೊ ತೆಗೆದು, ಆಮೇಲೆ ಕಟ್ಟಿದ್ದನ್ನು ನಾಶ ಮಾಡುತ್ತಾರೆ. ಉಳಿಯುವುದು ಫೋಟೊ ಮಾತ್ರ. ನಮ್ಮಂಥವರು ನಾಶ ಮಾಡದಿದ್ದರೂ ಬೆಳಕು, ತೇವ, ಹುಳು ಆ ಕೆಲಸ ಮಾಡುತ್ತವೆ. ಕೊನೆಗೆ ಕೈಯಲ್ಲಿರುವ ಫೋಟೊವೇ ಕಲಾಕೃತಿ. ಅದರ ಕೆಳಗೆ ಶಿಲ್ಪ ಮಾಡಿದವರ ಹೆಸರು, ಫೋಟೊ ತೆಗೆದವರ ಹೆಸರು ಎರಡೂ ಇರಬೇಕು. ಇಬ್ಬರೂ ಒಬ್ಬರೇ ಆಗಿದ್ದರೆ ಹಾಗೆಂದು ಹೇಳಬೇಕು.

ಇನ್ನೊಂದು ವಿಷಯ. ಆ ಚಿತ್ರದ ಹಿನ್ನೆಲೆ ಅಳಿಸಿ ಹೂವನ್ನಷ್ಟೇ ಉಳಿಸಿದ್ದೀರಿ. ಬಿಳಿಯ ಮೇಲೆ ಬಿಳಿ ಇಟ್ಟಾಗ ಎಸಳಿನ ಏರಿಳಿತ ತೋರಿಸುವುದು ನೆರಳು ಒಂದೇ. ಅದಕ್ಕೆಂದೇ ದೀಪವನ್ನು ಪಕ್ಕದಿಂದ, ತೀರಾ ತಗ್ಗಿನಲ್ಲಿ ಇಡುತ್ತೇವೆ. ನೆಲದ ಮೇಲಿನ ನೆರಳು ಹೋದರೆ ಹೂವು ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದೇ ತಿಳಿಯುವುದಿಲ್ಲ. ಪುಟ ಕಟ್ಟುವವರ ಅವಸರ ನನಗೆ ಅರ್ಥವಾಗುತ್ತದೆ. ಆದರೂ ಹಿನ್ನೆಲೆ ಅಳಿಸುವ ಮುಂಚೆ ದಯವಿಟ್ಟು ಕಲಾವಿದರನ್ನು ಒಮ್ಮೆ ಕೇಳಿ. ಜಾಗ ಸಾಲದಿದ್ದರೆ ಚಿತ್ರವನ್ನೇ ಚಿಕ್ಕದು ಮಾಡಿ ಹಾಕಿ, ನಮ್ಮ ಅಭ್ಯಂತರವಿಲ್ಲ.

ಇಂತಿ,
ಒಬ್ಬ ಕಾಗದ ಶಿಲ್ಪ ಕಲಾವಿದೆ